ಝೇನ್ ಗ್ರೇ: ಕಡಲಲ್ಲಿ ಗಾಳ, ದಡದಲ್ಲಿ ಡಾಲಿ

ಝೇನ್ ಗ್ರೇ ಅಂದರೆ ಕೌಬಾಯ್ ಕಾದಂಬರಿಕಾರ ಅಂತಲೇ ಹೆಚ್ಚಿನವರಿಗೆ ಗೊತ್ತು. ನನ್ನನ್ನು ಸೆಳೆದದ್ದು ಆತನ ಗಾಳದ ಹುಚ್ಚು.

1872ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಝೇನ್ಸ್‌ವಿಲ್‌ನಲ್ಲಿ ಹುಟ್ಟಿದ. ತಂದೆ ಹಲ್ಲಿನ ಡಾಕ್ಟರು. ಮಗನೂ ಅದನ್ನೇ ಓದಿ ನ್ಯೂಯಾರ್ಕಿನಲ್ಲಿ ಹಲ್ಲು ಕೀಳುತ್ತ ಕೂತ. ಮನಸ್ಸೆಲ್ಲ ಬರವಣಿಗೆಯ ಕಡೆಗೆ, ನೀರಿನ ಕಡೆಗೆ. 1905ರಲ್ಲಿ ಡಾಲಿಯನ್ನು ಮದುವೆಯಾದ. ಆಕೆಯ ಹಣದ ಆಸರೆಯಲ್ಲೇ ವೃತ್ತಿ ಬಿಟ್ಟು ಬರೆಯತೊಡಗಿದ. ಹಸ್ತಪ್ರತಿ ತಿದ್ದುವುದು, ಪ್ರಕಾಶಕರ ಜತೆ ವ್ಯವಹಾರ, ಮೂರು ಮಕ್ಕಳ ಪಾಲನೆ ಎಲ್ಲ ಆಕೆಯದೇ. 1912ರಲ್ಲಿ 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ಬಂದ ಮೇಲೆ ದುಡ್ಡಿಗೆ ಕೊರತೆಯಾಗಲಿಲ್ಲ.

ಆರೆಗಾನಿನ ನದಿಗಳಲ್ಲಿ ಗರಿ ಕಟ್ಟಿದ ಹುಸಿನೊಣ ಬೀಸಿ ಸ್ಟೀಲ್‌ಹೆಡ್ ಹಿಡಿಯುತ್ತಿದ್ದ. ಕಡಲಲ್ಲಿ ಟ್ಯೂನಾದ ಬೆನ್ನು ಹತ್ತಿದ. ಟ್ಯೂನಾ ಸಾಮಾನ್ಯ ಮೀನಲ್ಲ ನೋಡಿ. ಸುತ್ತಲ ನೀರಿಗಿಂತ ಬಿಸಿ ಮೈ, ನಿಲ್ಲದ ಈಜು. ಗಾಳ ಕಚ್ಚಿದರೆ ಸಣ್ಣ ದೋಣಿಯನ್ನೇ ಎಳೆದೊಯ್ಯುವ ಕಸುವು. 1924ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ತೀರದಾಚೆ ಕೈಕೋಲಿನ ಗಾಳದಿಂದಲೇ 758 ಪೌಂಡಿನ, ಅಂದರೆ ಸುಮಾರು 344 ಕಿಲೋ ತೂಕದ ಟ್ಯೂನಾ ಹಿಡಿದ. ಆ ಕಾಲಕ್ಕೆ ಅದು ವಿಶ್ವದಾಖಲೆ.

ಆಮೇಲೆ ನ್ಯೂಜಿಲೆಂಡ್, ತಾಹಿತಿ ಅಂತ ತಿಂಗಳುಗಟ್ಟಲೆ ಸಮುದ್ರದ ಮೇಲೇ ಇರುತ್ತಿದ್ದ. ಪ್ರವಾಸಗಳಲ್ಲಿ ಜತೆಗೆ ಬೇರೆ ಹೆಂಗಸರೂ ಇರುತ್ತಿದ್ದರು. ಡಾಲಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಲೆಕ್ಕಪತ್ರ ಆಕೆಯ ಕೈಯಲ್ಲೇ ನಡೆಯಿತು.

1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರೇ ತೀರಿಕೊಂಡ. ದಾಖಲೆ ಅವನ ಹೆಸರಿಗೇ ಇರಲಿ ಬಿಡಿ. ಆ ಮೀನಿನ ಅರ್ಧ ತೂಕವನ್ನಾದರೂ ನಾನು ಡಾಲಿಯ ಲೆಕ್ಕಕ್ಕೆ ಬರೆಯುತ್ತೇನೆ.