ಗ್ರೇಸ್ ಹಾಪರ್

ಬೆಳಗಾವಿ, ಖಾನಾಪುರಗಳ ಪೇಟೆಗಳಲ್ಲಿ ಕನ್ನಡ ಮರಾಠಿಗಳೆರಡೂ ಕೇಳಿಬರುತ್ತವೆ. ‘ನೀರು ತಾ’, ‘ಪಾಣಿ ಆಣ’ ಎಂಬಲ್ಲಿ ಪದಗಳು ಬೇರೆ. ಜೋಡಣೆಯ ಕ್ರಮ ಒಂದೇ. ಕ್ರಮವು ಸ್ಥಿರವಾಗಿದ್ದರೆ ಗಣಕಯಂತ್ರಕ್ಕೂ ಯಾವ ಭಾಷೆಯ ಪದವಾದರೂ ಸಲ್ಲುವುದೆಂದು ತೋರಿಸಿದವರು ಗ್ರೇಸ್ ಹಾಪರ್.

ಹಾಪರ್ 1906ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಧ್ಯಾಪನವನ್ನು ಬಿಟ್ಟು ನೌಕಾದಳವನ್ನು ಸೇರಿ, ಹಾರ್ವರ್ಡಿನ ಬೃಹತ್ ಗಣಕಯಂತ್ರವನ್ನು ನಡೆಸುವ ಕಾರ್ಯದಲ್ಲಿ ತೊಡಗಿದರು.

ಅಂದು ಯಂತ್ರಕ್ಕೆ ಆಜ್ಞೆಗಳನ್ನು ಸಂಖ್ಯೆ, ಸಂಕೇತಗಳಲ್ಲಿಯೇ ಕೊಡಬೇಕಾಗಿತ್ತು. ಇಂಗ್ಲಿಷ್ ಪದಗಳಲ್ಲಿಯೇ ಆಜ್ಞೆ ಕೊಡಬಹುದೆಂದು ಹಾಪರ್ ವಾದಿಸಿದರು, ಯಾರೂ ನಂಬಲಿಲ್ಲ. ಅವರು ಫ್ರೆಂಚ್, ಜರ್ಮನ್ ಪದಗಳಿಂದಲೂ ಅದೇ ಕೆಲಸವನ್ನು ಮಾಡಿಸಿ ತೋರಿಸಿದರು. ಅಮೆರಿಕದ ಯಂತ್ರಕ್ಕೆ ಪರಭಾಷೆಯೇ ಎಂದು ಮೇಲಧಿಕಾರಿಗಳು ಬೆಚ್ಚಿದರು. ಯಂತ್ರಕ್ಕೆ ಪದವೆಂಬುದು ಬರಿಯ ಗುರುತೆಂಬುದನ್ನು ಅವರು ಅರಿಯಲಿಲ್ಲ. ಆದರೂ ಹಾಪರ್ ಎದೆಗುಂದಲಿಲ್ಲ. ಅವರು ರೂಪಿಸಿದ ಫ್ಲೋಮ್ಯಾಟಿಕ್ ಭಾಷೆಯು 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು.

ಆದರೆ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಕೋಬಾಲ್ ಬೇರೆ ಬೇರೆ ರೂಪ ತಾಳಿತು. ಒಂದು ಯಂತ್ರಕ್ಕೆ ಬರೆದುದು ಮತ್ತೊಂದರಲ್ಲಿ ನಡೆಯದೆ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು. ಅದನ್ನು ಸರಿಪಡಿಸಲು ನೌಕಾದಳವು ನಿವೃತ್ತರಾಗಿದ್ದ ಹಾಪರರನ್ನು 1967ರಲ್ಲಿ ಆರು ತಿಂಗಳಿಗೆಂದು ಮರಳಿ ಕರೆಯಿತು. ಪ್ರತಿಯೊಂದು ಯಂತ್ರವೂ ನಿಯಮದಂತೆಯೇ ನಡೆಯುವುದೇ ಎಂದು ಒರೆಹಚ್ಚುವ ಪರೀಕ್ಷೆಗಳನ್ನು ಅವರು ಸಿದ್ಧಪಡಿಸಿದರು. ನೌಕಾದಳದಿಂದ ಕೊನೆಗೆ ನಿವೃತ್ತರಾದುದು 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ.

1992ರಲ್ಲಿ ಹಾಪರ್ ನಿಧನರಾದರು. ಆಡಿದ ಮಾತು ಎಲ್ಲೆಡೆಯೂ ಒಂದೇ ಅರ್ಥವನ್ನು ಕೊಟ್ಟಾಗಲೇ ಅದನ್ನು ನಂಬಿ ನಡೆಯಬಹುದು. ಅವರ ಬಾಳಿನ ಸಾಧನೆಯು ಇದನ್ನೇ ಸಾರುತ್ತದೆ.