ರಾಜವೈದ್ಯ ಜೀವಕನೂ ನಮ್ಮ ದಿನಚರ್ಯೆಯೂ

ವೈದ್ಯನೆಂದರೆ ರೋಗ ಬಂದಾಗ ಮಾತ್ರ ನೆನಪಿಗೆ ಬರುವವನು ಎಂಬುದು ಲೋಕರೂಢಿ. ಮೈಯಲ್ಲಿ ಕಸುವಿರುವ ತನಕ ನಾವು ಆತನ ಮನೆಯ ದಾರಿಯನ್ನು ತುಳಿಯುವುದಿಲ್ಲ. ಹಾಸಿಗೆ ಹಿಡಿದ ಮೇಲೆ ಆತನಿಂದ ಪವಾಡವನ್ನೇ ಅಪೇಕ್ಷಿಸುತ್ತೇವೆ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ, ಬುದ್ಧನ ಕಾಲದಲ್ಲಿ, ಮಗಧದೇಶದಲ್ಲಿ ಬಾಳಿದ ಜೀವಕನು ಅಂತಹ ಪವಾಡಗಳಿಗಾಗಿ ಹೆಸರಾದ ಮಹಾವೈದ್ಯನು. ಆದರೆ ಆತನು ಲೋಕಕ್ಕೆ ಮಾಡಿದ ದೊಡ್ಡ ಉಪಕಾರವು ಪವಾಡಗಳಲ್ಲಿಲ್ಲ, ಒಂದು ಸಣ್ಣ ಕೋರಿಕೆಯಲ್ಲಿದೆ ಎಂದು ನಮಗೆ ತೋರುತ್ತದೆ. ಆ ಕೋರಿಕೆಯ ಬೆಲೆಯನ್ನು ಅರಿಯಬೇಕಾದರೆ ಆತನ ಜೀವನವನ್ನು ಮೊದಲಿನಿಂದ ನೋಡಬೇಕು. ಬೌದ್ಧರ ವಿನಯಪಿಟಕದಲ್ಲಿ ಅದು ಸಾಕಷ್ಟು ವಿವರವಾಗಿಯೇ ದೊರೆಯುತ್ತದೆ.

ಬಿಂಬಿಸಾರ ಮಹಾರಾಜನು ಆಳುತ್ತಿದ್ದ ರಾಜಗೃಹ ನಗರದಲ್ಲಿ ಸಾಲವತಿಯೆಂಬ ಗಣಿಕೆಯಿದ್ದಳು. ಆಕೆಗೆ ಹುಟ್ಟಿದ ಗಂಡುಮಗುವನ್ನು ದಾಸಿಯು ಒಂದು ಹಳೆಯ ಮೊರದಲ್ಲಿಟ್ಟು ಕಸದ ರಾಶಿಯ ಮೇಲೆ ಎಸೆದು ಬಂದಳು. ಬೆಳಗ್ಗೆ ಅರಮನೆಗೆ ಹೋಗುತ್ತಿದ್ದ ರಾಜಕುಮಾರ ಅಭಯನು, ಕಾಗೆಗಳು ಮುತ್ತಿಕೊಂಡಿರುವುದನ್ನು ಕಂಡು, ಅದೇನೆಂದು ವಿಚಾರಿಸಿದನು. ಮಗುವೆಂದು ತಿಳಿಯಿತು, ಜೀವವಿದೆಯೇ ಎಂದು ಕೇಳಿದನು. ಇದೆಯೆಂಬ ಉತ್ತರ ಬಂದಿತು. ಹೀಗೆ ಬದುಕುಳಿದುದರಿಂದ ಜೀವಕನೆಂದೂ, ಕುಮಾರನು ಸಾಕಿದುದರಿಂದ ಕೌಮಾರಭೃತ್ಯನೆಂದೂ ಆತನಿಗೆ ಹೆಸರಾಯಿತೆಂದು ಗ್ರಂಥವು ಹೇಳುತ್ತದೆ. ಟಿಬೆಟ್ಟಿನ ಮತ್ತು ಚೀನದ ಪರಂಪರೆಗಳಲ್ಲಿ ತಾಯಿತಂದೆಯರ ಹೆಸರು ಬೇರೆಯಾಗಿದೆ. ನಾವು ಇಲ್ಲಿ ಪಾಲಿ ಗ್ರಂಥವನ್ನೇ ಅನುಸರಿಸುತ್ತೇವೆ.

ಹುಡುಗನಿಗೆ ತಿಳಿವು ಬಂದಾಗ ತನ್ನ ಹುಟ್ಟಿನ ವಿಷಯವನ್ನು ಅಭಯನಲ್ಲಿ ಕೇಳಿದನು. ತಾಯಿ ಯಾರೆಂಬುದು ಅಭಯನಿಗೂ ತಿಳಿದಿರಲಿಲ್ಲ. ಕೈಯಲ್ಲಿ ಒಂದು ವಿದ್ಯೆಯಿಲ್ಲದೆ ರಾಜಮನೆತನದ ಆಶ್ರಯದಲ್ಲಿ ಬಾಳುವುದು ಕಷ್ಟವೆಂದು ಯೋಚಿಸಿದ ಜೀವಕನು ಯಾರಿಗೂ ಹೇಳದೆ ದೂರದ ತಕ್ಷಶಿಲೆಗೆ ಹೊರಟುಹೋದನು. ಈಗ ಪಾಕಿಸ್ತಾನದಲ್ಲಿ, ರಾವಲ್ಪಿಂಡಿಯ ಬಳಿ ಇರುವ ಆ ಊರು ಆಗ ವಿದ್ಯೆಗೆ ತವರು. ಗುರುವಿನ ಹೆಸರನ್ನು ಪಾಲಿ ಗ್ರಂಥವು ತಿಳಿಸುವುದಿಲ್ಲ, ಟಿಬೆಟ್ಟಿನವರು ಆತ್ರೇಯನೆನ್ನುತ್ತಾರೆ. ಏಳು ವರ್ಷ ಕಲಿತರೂ ವಿದ್ಯೆಯ ಕೊನೆ ಕಾಣದಿರಲು, ಶಿಷ್ಯನು ಗುರುವನ್ನೇ ಪ್ರಶ್ನಿಸಿದನು. ಗುರುವು ಆತನ ಕೈಗೆ ಒಂದು ಗುದ್ದಲಿಯನ್ನು ಕೊಟ್ಟು, ತಕ್ಷಶಿಲೆಯ ಸುತ್ತ ಒಂದು ಯೋಜನದೊಳಗೆ ಔಷಧಕ್ಕೆ ಬಾರದ ಗಿಡವನ್ನು ಹುಡುಕಿ ತರುವಂತೆ ಕಳುಹಿಸಿದನು. ಜೀವಕನು ಬರಿಗೈಯಲ್ಲಿ ಹಿಂದಿರುಗಿದನು. ಅಂತಹ ಗಿಡವೊಂದೂ ಆತನಿಗೆ ಸಿಕ್ಕಿರಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಯಿತು! ಕಸದ ರಾಶಿಯಲ್ಲಿ ಸಿಕ್ಕಿದ ಮಗುವು, ಲೋಕದಲ್ಲಿ ಕಸವೆಂಬುದೇ ಇಲ್ಲವೆಂಬುದನ್ನು ಕಂಡುಕೊಂಡು ವೈದ್ಯನಾದುದು ಎಷ್ಟು ಅರ್ಥವತ್ತಾಗಿದೆ!

ಗುರುವು ಕೊಟ್ಟ ದಾರಿಬುತ್ತಿಯು ಸಾಕೇತ ನಗರವನ್ನು ಸೇರುವಷ್ಟರಲ್ಲಿ ಮುಗಿದುಹೋಯಿತು. ಅಲ್ಲಿ ಒಬ್ಬ ಶ್ರೇಷ್ಠಿಯ ಹೆಂಡತಿಯು ಏಳು ವರ್ಷಗಳಿಂದ ತಲೆನೋವಿನಲ್ಲಿ ನರಳುತ್ತಿದ್ದಳು. ದೊಡ್ಡ ದೊಡ್ಡ ವೈದ್ಯರು ಬಂದು ಹೊನ್ನನ್ನು ಪಡೆದು ಹೋಗಿದ್ದರೇ ಹೊರತು ನೋವು ಹೋಗಿರಲಿಲ್ಲ. ಹುಡುಗನಾದ ವೈದ್ಯನನ್ನು ಆಕೆ ಮೊದಲು ನಿರಾಕರಿಸಿದಳು. ಮುಂಗಡವಾಗಿ ಏನನ್ನೂ ಕೊಡಬೇಡಿರಿ, ಗುಣವಾದರೆ ಇಷ್ಟಬಂದುದನ್ನು ಕೊಡಿರಿ ಎಂಬ ಕರಾರಿನ ಮೇಲೆ ಒಪ್ಪಿಕೊಂಡಳು. ಜೀವಕನು ಔಷಧಗಳೊಡನೆ ಕಾಯಿಸಿದ ತುಪ್ಪವನ್ನು ಮೂಗಿನಲ್ಲಿ ಬಿಟ್ಟನು. ಬಾಯಿಗೆ ಇಳಿದ ತುಪ್ಪವನ್ನು ಆಕೆ ಪಾತ್ರೆಗೆ ಉಗುಳಿ, ಅದನ್ನು ಹತ್ತಿಯಿಂದ ಎತ್ತಿಡುವಂತೆ ದಾಸಿಗೆ ಹೇಳಿದುದನ್ನು ಕಂಡು, ಇಂತಹ ಜಿಪುಣೆಯಿಂದ ತನಗೇನು ಸಿಕ್ಕೀತೆಂದು ವೈದ್ಯನಿಗೆ ಚಿಂತೆಯಾಯಿತು. ಆಳುಗಳ ಕಾಲಿಗೆ ಸವರಲೋ ದೀಪಕ್ಕೆ ಹಾಕಲೋ ಅದು ಒದಗುತ್ತದೆಂದು ಆ ಗೃಹಿಣಿಯು ಸಮಾಧಾನ ಹೇಳಿದಳು. ತಲೆನೋವು ಹೋಯಿತು. ಆಕೆ, ಮಗ, ಸೊಸೆ, ಗಂಡ ನಾಲ್ವರೂ ತಲಾ 4,000ದಂತೆ ಒಟ್ಟು 16,000 ನಾಣ್ಯಗಳನ್ನು ಕೊಟ್ಟರು. ಈ ಮೊದಲ ಗಳಿಕೆಯನ್ನೆಲ್ಲ ಜೀವಕನು ತನ್ನನ್ನು ಸಾಕಿದ ಅಭಯನ ಮುಂದೆ ಇರಿಸಿದನು. ಅಭಯನು ಮುಟ್ಟಲಿಲ್ಲ, ತನ್ನ ಆವರಣದಲ್ಲಿಯೇ ಮನೆ ಕಟ್ಟಿಕೊಂಡಿರುವಂತೆ ಹೇಳಿದನು.

ಅಲ್ಲಿಂದ ಮುಂದೆ ಆತನ ಕೀರ್ತಿಯು ಹಬ್ಬಿತು. ಬಿಂಬಿಸಾರನ ಭಗಂದರ ರೋಗವನ್ನು ಒಂದೇ ಲೇಪದಿಂದ ಗುಣಪಡಿಸಿ, ಅರಸನು ಕೊಡಿಸಿದ ಆಭರಣಗಳನ್ನು ಬೇಡವೆಂದು, ತನ್ನ ಸೇವೆಯನ್ನು ನೆನಪಿನಲ್ಲಿಟ್ಟರೆ ಸಾಕೆಂದನು. ಅರಸನು ಆತನನ್ನು ತನಗೂ ಅಂತಃಪುರಕ್ಕೂ ಬುದ್ಧನ ಭಿಕ್ಷುಸಂಘಕ್ಕೂ ವೈದ್ಯನನ್ನಾಗಿ ನೇಮಿಸಿದನು. ವಾರಾಣಸಿಯಲ್ಲಿ ಲಾಗ ಹಾಕುವ ಆಟದಿಂದ ಕರುಳು ಗಂಟುಬಿದ್ದು ಗಂಜಿಯನ್ನೂ ಅರಗಿಸಿಕೊಳ್ಳಲಾರದೆ ಬತ್ತಿಹೋಗಿದ್ದ ಶ್ರೇಷ್ಠಿಪುತ್ರನ ಹೊಟ್ಟೆಯನ್ನು ಸೀಳಿ, ಗಂಟನ್ನು ಬಿಡಿಸಿ, ಮತ್ತೆ ಹೊಲಿದನು. ರಾಜಗೃಹದ ಒಬ್ಬ ಶ್ರೇಷ್ಠಿಯ ತಲೆಬುರುಡೆಯನ್ನೇ ತೆರೆದು ಚಿಕಿತ್ಸೆ ಮಾಡಿದನು. ಆ ಶ್ರೇಷ್ಠಿಗೆ ಎಡಮಗ್ಗುಲು, ಬಲಮಗ್ಗುಲು, ಬೆನ್ನು ಹೀಗೆ ಏಳೇಳು ತಿಂಗಳು ಅಲುಗದೆ ಮಲಗಬೇಕೆಂದು ಮೊದಲೇ ಮಾತು ತೆಗೆದುಕೊಂಡಿದ್ದನು. ರೋಗಿಯು ಏಳೇಳು ದಿನಗಳಿಗೇ ಸೋತನು. ಗುಣವಾಗಲು ಅಷ್ಟೇ ಸಾಕಾಗಿತ್ತು. ತಿಂಗಳೆಂದು ಹೇಳದಿದ್ದರೆ ದಿನಗಳಷ್ಟೂ ಮಲಗುತ್ತಿರಲಿಲ್ಲವೆಂದು ಜೀವಕನು ಆಮೇಲೆ ತಿಳಿಸಿದನು. ಕಥೆಗಳಲ್ಲಿ ಅದ್ಭುತವು ಬೆರೆತಿರಬಹುದು. ಆದರೆ ರೋಗಿಯ ಮನಸ್ಸನ್ನು ಬಲ್ಲ ವೈದ್ಯನೊಬ್ಬನು ಇವುಗಳ ಹಿಂದೆ ಇದ್ದಾನೆಂಬುದರಲ್ಲಿ ಸಂದೇಹವಿಲ್ಲ.

ಉಜ್ಜಯಿನಿಯ ಪ್ರದ್ಯೋತ ರಾಜನು ಪಾಂಡುರೋಗದಿಂದ ಪೀಡಿತನಾಗಿದ್ದನು. ಆತನಿಗೆ ತುಪ್ಪವೆಂದರೆ ಹೇಸಿಗೆ. ಸಿಟ್ಟಾದರೆ ಕೊಲ್ಲುವ ಸ್ವಭಾವ. ಔಷಧವೋ ತುಪ್ಪದಲ್ಲಿಯೇ ಆಗಬೇಕು. ಜೀವಕನು ತುಪ್ಪವನ್ನು ಕಷಾಯದ ಬಣ್ಣ, ವಾಸನೆ, ರುಚಿ ಬರುವಂತೆ ಕುದಿಸಿ ಕುಡಿಸಿದನು. ಜೀರ್ಣವಾಗುವಾಗ ತೇಗಿನಲ್ಲಿ ಗುಟ್ಟು ರಟ್ಟಾಗುವುದೆಂದು ತಿಳಿದಿದ್ದ ಆತನು, ಗಿಡಮೂಲಿಕೆ ತರುವ ನೆವದಿಂದ ಅರಸನ ಆನೆಯನ್ನು ಮೊದಲೇ ಕೇಳಿಕೊಂಡು, ಅದನ್ನೇರಿ ಪಾರಾದನು. ಅರಸನು ಗುಣಮುಖನಾದ ಮೇಲೆ ಕೋಪವನ್ನು ಮರೆತು, ಬಹು ಬೆಲೆಯ ಶಿವಿದೇಶದ ಬಟ್ಟೆಗಳನ್ನು ಕಳುಹಿಸಿದನು. ಅವುಗಳನ್ನು ಜೀವಕನು ಬುದ್ಧನಿಗೆ ಅರ್ಪಿಸಿ, ಚಿಂದಿಯನ್ನುಡುತ್ತಿದ್ದ ಭಿಕ್ಷುಗಳು ಗೃಹಸ್ಥರು ಕೊಟ್ಟ ಬಟ್ಟೆಯನ್ನೂ ಉಡಬಹುದೆಂಬ ಅನುಮತಿಯನ್ನು ಪಡೆದನು.

ಅದೇ ಸಮಯದಲ್ಲಿ ಬುದ್ಧನಿಗೂ ದೇಹದಲ್ಲಿ ದೋಷಗಳು ತುಂಬಿ ಅಸ್ವಸ್ಥತೆ ಉಂಟಾಗಿತ್ತು. ಆಗ ಜೀವಕನು ನಡೆದುಕೊಂಡ ಕ್ರಮವು ಆಯುರ್ವೇದವನ್ನು ಬಲ್ಲವರಿಗೆ ಪರಿಚಿತವಾದುದೇ. ಮೊದಲು ಕೆಲವು ದಿನ ಮೈಯನ್ನು ಸ್ನೇಹದಿಂದ ಮೃದುಗೊಳಿಸಿದನು. ಒರಟಾದ ಭೇದಿಯ ಔಷಧ ಸಲ್ಲದೆಂದು, ಮೂರು ಹಿಡಿ ಕಮಲದ ಹೂಗಳಿಗೆ ಔಷಧವನ್ನು ಕೂಡಿಸಿ, ಮೂಸಲು ಕೊಟ್ಟನು. ಬಳಿಕ ಬಿಸಿನೀರಿನ ಸ್ನಾನ. ಅದಾದ ಮೇಲೆ, ದೇಹವು ಮೊದಲಿನ ಸ್ಥಿತಿಗೆ ಬರುವ ತನಕ ತಿಳಿಯಾದ ಯೂಷದ ಆಹಾರವನ್ನು ವಿಧಿಸಿದನು. ಶೋಧನವಾದ ಬಳಿಕ ಜಠರಾಗ್ನಿಯು ಮಂದವಾಗಿರುವುದರಿಂದ, ತಿಳಿಗಂಜಿ, ಗಂಜಿ, ಮೆತ್ತನೆಯ ಅನ್ನ, ಯೂಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಹಾರವನ್ನು ಏರಿಸಬೇಕೆಂದು ಚರಕಸಂಹಿತೆಯೂ ಹೇಳುತ್ತದೆ. ನಂದಿದ ಒಲೆಯನ್ನು ಚಕ್ಕೆಯಿಟ್ಟು ಹೊತ್ತಿಸಬೇಕಲ್ಲದೆ ದಿಮ್ಮಿಯಿಟ್ಟಲ್ಲ. ಜ್ವರ ಬಿಟ್ಟ ಮಗುವಿಗೆ ಗಂಜಿ ಕೊಡುತ್ತಿದ್ದ ನಮ್ಮ ಅಜ್ಜಿಯರೂ ಈ ಶಾಸ್ತ್ರವನ್ನು ಓದದೆಯೇ ತಿಳಿದಿದ್ದರು.

ಇನ್ನು ಆ ಸಣ್ಣ ಕೋರಿಕೆಯ ವಿಷಯ. ಒಮ್ಮೆ ವೈಶಾಲಿಯಲ್ಲಿ ಭಕ್ತರು ಭಿಕ್ಷುಗಳಿಗೆ ಒಂದರ ಮೇಲೊಂದರಂತೆ ರುಚಿಯಾದ ಔತಣಗಳನ್ನು ಏರ್ಪಡಿಸಿದರು. ಮನೆಮಠ ಬಿಟ್ಟ ಸಂನ್ಯಾಸಿಗಳೇ ಆದರೂ ಹೊಟ್ಟೆಯು ಸಂನ್ಯಾಸ ಪಡೆದಿರುವುದಿಲ್ಲವಷ್ಟೆ! ಮೈಯಲ್ಲಿ ದೋಷಗಳು ಹೆಚ್ಚಿ ಅನೇಕರು ಕಾಯಿಲೆ ಬಿದ್ದರು. ಏನೋ ಕೆಲಸಕ್ಕಾಗಿ ವೈಶಾಲಿಗೆ ಬಂದಿದ್ದ ಜೀವಕನು ಇದನ್ನು ಕಂಡನು. ಬುರುಡೆಯನ್ನೇ ತೆರೆಯಬಲ್ಲ ಆ ಕೈಯು ಔಷಧದ ಸಂಚಿಗೆ ಹೋಗಲಿಲ್ಲ. ನೇರವಾಗಿ ಬುದ್ಧನ ಬಳಿಗೆ ಹೋಗಿ, ಭಿಕ್ಷುಗಳಿಗೆ ಎರಡು ಅನುಕೂಲಗಳನ್ನು ಮಾಡಿಕೊಡಬೇಕೆಂದು ಬೇಡಿದನು: ಅಡ್ಡಾಡಲು ಒಂದು ಜಾಗ, ಬೆವರಿ ಸ್ನಾನ ಮಾಡಲು ಒಂದು ಬೆಚ್ಚನೆಯ ಮನೆ. ಇಷ್ಟಾದರೆ ಅವರಿಗೆ ಕಾಯಿಲೆಯು ಕಡಿಮೆಯಾಗುವುದೆಂದು ವಿನಂತಿಸಿದನು. ಬುದ್ಧನು ಒಪ್ಪಿದನು.

ಅಡ್ಡಾಡುವ ಜಾಗಕ್ಕೆ ಚಂಕಮವೆಂದೂ, ಸ್ನಾನದ ಮನೆಗೆ ಜಂತಾಘರವೆಂದೂ ಪಾಲಿಯಲ್ಲಿ ಹೆಸರು. ಆಮೇಲಿನ ವಿವರಗಳು ಓದಲು ಸೊಗಸಾಗಿವೆ. ನೆಲವು ಸಮವಿಲ್ಲದೆ ಕಾಲು ನೋಯಲು, ಸಮಮಾಡಲು ಅನುಮತಿ. ತಗ್ಗಿನಲ್ಲಿ ನೀರು ನಿಲ್ಲಲು, ಎತ್ತರಿಸಲು ಅನುಮತಿ. ಎತ್ತರದಿಂದ ಬೀಳಲು, ಕಟಾಂಜನ ಕಟ್ಟಲು ಅನುಮತಿ. ಬಿಸಿಲು ಚಳಿಗಳು ಬಾಧಿಸಲು, ಮೇಲೆ ಚಾವಣಿ ಹಾಕಲು ಅನುಮತಿ. ಸ್ನಾನದ ಮನೆಗೂ ಹಾಗೆಯೇ ಬೆಂಕಿಯ ಗೂಡು, ಹೊಗೆ ಹೋಗುವ ಕಂಡಿ, ಮುಖಕ್ಕೆ ಬಳಿಯುವ ಮಣ್ಣು, ನೀರು ಹರಿಯುವ ಚರಂಡಿ ಎಲ್ಲಕ್ಕೂ ನಿಯಮಗಳಾದವು. ಬುದ್ಧನು ಬೇರೊಂದೆಡೆ ಅಡ್ಡಾಡುವುದರ ಐದು ಲಾಭಗಳನ್ನು ಎಣಿಸುವಾಗ, ರೋಗಗಳು ಕಡಿಮೆಯಾಗುವುದನ್ನೂ ಉಂಡ ಅನ್ನವು ಚೆನ್ನಾಗಿ ಅರಗುವುದನ್ನೂ ಸೇರಿಸಿದ್ದಾನೆ. ಹಲ್ಲುಕಡ್ಡಿಯ ಬಳಕೆ, ಗಂಜಿಯ ಹತ್ತು ಗುಣಗಳು ಇವೂ ಆ ವಿನಯ ಗ್ರಂಥದಲ್ಲಿಯೇ ಬರುತ್ತವೆ.

ಇದು ಸಂನ್ಯಾಸಿಗಳಿಗೆ ಮಾತ್ರ ಸಲ್ಲುವ ಮಾತಲ್ಲ. ಕೋಸಲದ ಪ್ರಸೇನಜಿತ್ ಮಹಾರಾಜನು ಒಂದು ದ್ರೋಣದ ಅನ್ನವನ್ನು ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬರುತ್ತಿದ್ದನು. ಮಿತವಾಗಿ ಉಣ್ಣುವವನು ನಿಧಾನವಾಗಿ ಮುಪ್ಪಾಗುವನೆಂಬ ಅರ್ಥದ ಬುದ್ಧನ ಬೋಧೆಯನ್ನು ಸುದರ್ಶನನೆಂಬ ತರುಣನು ಕಲಿತು, ಅರಸನ ಪ್ರತಿ ಊಟದ ಹೊತ್ತಿಗೂ ಹೇಳುವಂತೆ ಏರ್ಪಾಡಾಯಿತು. ಅದಕ್ಕೆ ಅರಸನಿಂದ ದಿನಕ್ಕೆ 100 ನಾಣ್ಯಗಳ ಸಂಬಳ. ಕ್ರಮೇಣ ಊಟವು ಒಂದು ನಾಳಿಗೆ ಇಳಿದು ಅರಸನ ಮೈ ಹಗುರವಾಯಿತು. ಹೊಟ್ಟೆಯಲ್ಲಿ ಎರಡು ಪಾಲು ಅನ್ನ, ಒಂದು ಪಾಲು ನೀರು, ಉಳಿದ ಒಂದು ಪಾಲು ವಾಯುವಿಗೆ ಬಿಡಬೇಕೆಂಬ ವಾಗ್ಭಟನ ಲೆಕ್ಕವೂ, ವ್ಯಾಯಾಮವು ಅರ್ಧ ಶಕ್ತಿಗೆ ನಿಲ್ಲಬೇಕೆಂಬ ಆತನ ಎಚ್ಚರಿಕೆಯೂ ಇದೇ ಮಿತವನ್ನೇ ಸಾರುತ್ತವೆ. ಊಟವಾದ ಮೇಲಿನ ಸಣ್ಣ ನಡಿಗೆಯು ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುವುದೆಂದು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ.

ಜೀವಕನ ಜೀವನದ ಕೊನೆಯ ದೊಡ್ಡ ಘಟನೆಯಲ್ಲಿ ಔಷಧವೇ ಇಲ್ಲ. ಬಿಂಬಿಸಾರನನ್ನು ಆತನ ಮಗ ಅಜಾತಶತ್ರುವೇ ಕೊಲ್ಲಿಸಿ ಪಟ್ಟವೇರಿದನು. ತನ್ನನ್ನು ನಂಬಿದ್ದ ದೊರೆಯ ಕೊಲೆಗಾರನಿಗೇ ಜೀವಕನು ಸೇವೆ ಸಲ್ಲಿಸಬೇಕಾಯಿತು. ಒಂದು ಹುಣ್ಣಿಮೆಯ ರಾತ್ರಿ ಅರಸನು ಮನಸ್ಸಿಗೆ ಶಾಂತಿ ಕೊಡುವವರಾರೆಂದು ಸಭೆಯನ್ನು ಕೇಳಿದನು. ಮಂತ್ರಿಗಳು ಒಬ್ಬೊಬ್ಬರೂ ಒಬ್ಬೊಬ್ಬ ಗುರುವಿನ ಹೆಸರನ್ನು ಹೇಳಿದರು, ಜೀವಕನು ಸುಮ್ಮನಿದ್ದನು. ಅರಸನು ಕೇಳಿದ ಮೇಲೆಯೇ, ತನ್ನ ಮಾವಿನ ತೋಪಿನಲ್ಲಿ ತಂಗಿದ್ದ ಬುದ್ಧನಲ್ಲಿಗೆ ಕರೆದೊಯ್ದನು. ನೂರಾರು ಭಿಕ್ಷುಗಳಿದ್ದರೂ ಸದ್ದಿಲ್ಲದ ಆ ತೋಪಿನಲ್ಲಿ, ತನ್ನನ್ನು ಶತ್ರುವಿಗೆ ಒಪ್ಪಿಸುತ್ತಿರುವರೇನೋ ಎಂದು ಅರಸನು ನಡುಗಿದನು. ವೈದ್ಯನು ಧೈರ್ಯ ಹೇಳಿ ಮುಂದೆ ನಡೆಸಿದನು. ಆ ರಾತ್ರಿ ಅಜಾತಶತ್ರುವು ತಂದೆಯನ್ನು ಕೊಂದ ಪಾಪವನ್ನು ಬುದ್ಧನ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡನು. ಹಗೆಯನ್ನು ಸಾಧಿಸಬಹುದಾಗಿದ್ದ ಕೈಯು ರೋಗಿಯ ಕೈಯನ್ನು ಹಿಡಿಯಿತು.

ಬಿಹಾರದ ರಾಜಗಿರಿಯಲ್ಲಿ ಆ ಮಾವಿನ ತೋಪಿನ ಜಾಗವೆಂದು ತೋರಿಸುವಲ್ಲಿ ಇಂದು ಉಳಿದಿರುವುದು ಉದ್ದನೆಯ ಕಟ್ಟಡಗಳ ಕಲ್ಲಿನ ಅಡಿಪಾಯಗಳು ಮಾತ್ರ. ಅಷ್ಟು ದೂರ ಹೋಗಲಾಗದ ಮುಂಬಯಿಯ ಕನ್ನಡಿಗರು ಬೋರಿವಿಲಿಯ ಕಾಡಿನ ಕಾನ್ಹೇರಿಗೆ ಹೋಗಿಬರಬಹುದು. ನೂರಕ್ಕೂ ಹೆಚ್ಚು ಗುಹೆಗಳುಳ್ಳ ಆ ವಿಹಾರದಲ್ಲಿ ಭಿಕ್ಷುಗಳ ಕೋಣೆಗಳ ಬಳಿ ಮಳೆನೀರಿನ ತೊಟ್ಟಿಗಳನ್ನೂ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೂ ಕಾಣಬಹುದು. ಮೋಕ್ಷಕ್ಕೆ ಹೊರಟವರೂ ನೀರನ್ನೂ ನಡಿಗೆಯನ್ನೂ ಮರೆತಿರಲಿಲ್ಲ.

ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವ ನಮ್ಮಂತಹವರು ವೈಶಾಲಿಯ ಭಿಕ್ಷುಗಳಿಗಿಂತ ಹೆಚ್ಚೇನೂ ಅಲುಗಾಡುವುದಿಲ್ಲ. ಮದುವೆ, ನಾಮಕರಣ, ಹಬ್ಬ, ರಾಜ್ಯೋತ್ಸವ ಎಂದು ಔತಣಗಳಿಗೂ ಕೊರತೆಯಿಲ್ಲ; ಒಬ್ಬಟ್ಟಿನ ಮೇಲೆ ತುಪ್ಪ ಬೀಳುವಾಗ ಸಾಕೆನ್ನಲು ನಮ್ಮ ಬಳಿ ಸುದರ್ಶನನೂ ಇಲ್ಲ. ಮೂಗಿಗೆ ತುಪ್ಪ ಬಿಡುವುದು, ಭೇದಿಗೆ ತೆಗೆದುಕೊಳ್ಳುವುದು ಇವು ವೈದ್ಯನ ಕೈಯ ಕೆಲಸಗಳು. ಕಥೆಯನ್ನೋದಿ ಮನೆಯಲ್ಲಿ ಮಾಡತಕ್ಕವಲ್ಲ. ಆದರೆ ಹಸಿದ ಮೇಲೆ ಉಣ್ಣುವುದು, ಒಂದು ತುತ್ತಿನ ಹಸಿವಿರುವಾಗಲೇ ಏಳುವುದು, ಸ್ವಲ್ಪ ಹೊತ್ತು ಅಡ್ಡಾಡುವುದು, ಹೊಟ್ಟೆ ಕೆಟ್ಟ ದಿನ ಗಂಜಿಗೆ ಇಳಿಯುವುದು ಇವಕ್ಕೆ ಯಾರ ಚೀಟಿಯೂ ಬೇಕಿಲ್ಲ. ಸಾವಿರಾರು ನಾಣ್ಯಗಳ ಚಿಕಿತ್ಸೆಯನ್ನು ಅರಸರಿಗೂ ಶ್ರೇಷ್ಠಿಗಳಿಗೂ ಕೊಟ್ಟ ಜೀವಕನು, ಕಾಸಿಲ್ಲದವರಿಗಾಗಿ ಬೇಡಿದುದು ಕಾಸಿಲ್ಲದೆ ದೊರೆಯುವ ಈ ಔಷಧವನ್ನು. ಅದು ಎಂದೂ ಮುಗಿಯುವುದಿಲ್ಲ. ನಾವು ಎದ್ದು ನಡೆಯಬೇಕು, ಅಷ್ಟೆ.