ಹ್ಯಾರಿ ಫರ್ಗುಸನ್

ಹ್ಯಾರಿ ಫರ್ಗುಸನ್ (4 ನವೆಂಬರ್ 1884 – 25 ಅಕ್ಟೋಬರ್ 1960) ಐರ್ಲೆಂಡಿನ ಯಂತ್ರಶಿಲ್ಪಿ. ಟ್ರ್ಯಾಕ್ಟರಿಗೆ ನೇಗಿಲನ್ನು ಮೂರು ಬಿಂದುಗಳಲ್ಲಿ ಜೋಡಿಸುವ ಹೈಡ್ರಾಲಿಕ್ ವ್ಯವಸ್ಥೆಯನ್ನು ರೂಪಿಸಿ ಪ್ರಸಿದ್ಧರಾದರು.

ಆರಂಭಿಕ ಜೀವನ

ಡೌನ್ ಕೌಂಟಿಯ ಗ್ರೋವೆಲ್‌ನ ರೈತ ಕುಟುಂಬದಲ್ಲಿ ಜನಿಸಿದ ಇವರು, ಬೆಲ್‌ಫಾಸ್ಟ್‌ನಲ್ಲಿ ಅಣ್ಣನ ವಾಹನ ದುರಸ್ತಿ ಕಾರ್ಯಾಗಾರದಲ್ಲಿ ಕೆಲಸ ಕಲಿತರು. 1909ರ ಡಿಸೆಂಬರ್ 31ರಂದು ತಾವೇ ನಿರ್ಮಿಸಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರೆನಿಸಿದರು.

ಫರ್ಗುಸನ್ ವ್ಯವಸ್ಥೆ

ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು, ಹಿಂದಕ್ಕೆ ಮಗುಚಿ, ಚಾಲಕನ ಪ್ರಾಣಕ್ಕೇ ಎರವಾಗುತ್ತಿತ್ತು. ಫರ್ಗುಸನ್ನರ ಜೋಡಣೆಯಲ್ಲಿ ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆದರೆ, ಮೇಲಿನ ತೋಳು ಮುಂದಕ್ಕೆ ಒತ್ತಿ ಮುಂದಿನ ಚಕ್ರಗಳು ನೆಲ ಬಿಡದಂತೆ ತಡೆಯುತ್ತಿತ್ತು. ಇದರಿಂದ ಹಗುರವಾದ ಟ್ರ್ಯಾಕ್ಟರೂ ಸುರಕ್ಷಿತವಾಗಿ ಉಳುವಂತಾಯಿತು.

ಫೋರ್ಡ್ ಒಪ್ಪಂದ

1938ರಲ್ಲಿ ಹೆನ್ರಿ ಫೋರ್ಡರೊಂದಿಗೆ ಲಿಖಿತ ಕರಾರಿಲ್ಲದೆ, ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1947ರಲ್ಲಿ ಫೋರ್ಡ್ ಸಂಸ್ಥೆಯು ಇವರನ್ನು ಬಿಟ್ಟು ಅದೇ ತಂತ್ರದ ಟ್ರ್ಯಾಕ್ಟರನ್ನು ಮಾರತೊಡಗಿದಾಗ ಮೊಕದ್ದಮೆ ಹೂಡಿದರು. 1952ರಲ್ಲಿ ರಾಜಿಯಾಗಿ 92.5 ಲಕ್ಷ ಡಾಲರ್ ಪಡೆದರು. ಮರುವರ್ಷ ಇವರ ಸಂಸ್ಥೆ ಮ್ಯಾಸಿ-ಹ್ಯಾರಿಸ್‌ನಲ್ಲಿ ವಿಲೀನವಾಯಿತು.

ಪರಂಪರೆ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಇವರ ‘ಟಿಇ20’ ಟ್ರ್ಯಾಕ್ಟರುಗಳು 5 ಲಕ್ಷಕ್ಕೂ ಹೆಚ್ಚು ತಯಾರಾದವು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ಇವುಗಳಲ್ಲೇ ದಕ್ಷಿಣ ಧ್ರುವ ತಲುಪಿದರು. ರಚನೆ ಸರಳವಾದ ಕಾರಣ, ಬೂದು ಬಣ್ಣದ ಈ ಟ್ರ್ಯಾಕ್ಟರುಗಳನ್ನು ಹವ್ಯಾಸಿಗಳು ಇಂದಿಗೂ ತಾವೇ ದುರಸ್ತಿ ಮಾಡಿ, ಬಣ್ಣ ಬಳಿದು, ಉಳುಮೆ ಸ್ಪರ್ಧೆಗಳಿಗೆ ಇಳಿಸುತ್ತಾರೆ. ಬ್ರಿಟನ್ನಿನ ‘ಫ್ರೆಂಡ್ಸ್ ಆಫ್ ಫರ್ಗುಸನ್ ಹೆರಿಟೇಜ್’ ಇಂಥವರ ಸಂಘ. ಮೂರು ಬಿಂದುಗಳ ಜೋಡಣೆಯು ಭಾರತವೂ ಸೇರಿದಂತೆ ಜಗತ್ತಿನೆಲ್ಲೆಡೆ ಟ್ರ್ಯಾಕ್ಟರುಗಳಲ್ಲಿ ಬಳಕೆಯಲ್ಲಿದೆ.